ರಾತ್ರಿಗೆ ಎಂತ?

ನಮ್ಮ ಊರಿನಲ್ಲಿ ಸಂಜೆ ಕಳೆದ ಮೇಲೆ ಫೋನ್ ಬಂದರೆ ಮೊದಲ ಮಾತೇ "ರಾತ್ರಿಗೆ ಎಂತ?" ಅಂತ. ಮಳೆ, ಅಡಿಕೆ ರೇಟು, ಮಂಡಿನೋವು ಎಲ್ಲ ಆಮೇಲೆ.

ನಾನು 2003ರಿಂದ 2014ರ ತನಕ ಶಾರ್ಜಾದಲ್ಲಿದ್ದೆ. ಒಂದು ಕಂಪೆನಿಯ ಗೋಡೌನಿನಲ್ಲಿ ಲೆಕ್ಕ ಬರೆಯುವ ಕೆಲಸ. ಮನೆ ಇಲ್ಲಿ, ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ, ನೀರ್ಚಾಲಿನ ಹತ್ತಿರ. ಅಪ್ಪ ತೀರಿಕೊಂಡಿದ್ದರು, ಅಕ್ಕ ಗಂಡನ ಮನೆಯಲ್ಲಿ, ಹಾಗಾಗಿ ಅಮ್ಮ ಒಬ್ಬರೇ. ಪ್ರತಿ ಶುಕ್ರವಾರ, ಅಲ್ಲಿ ರಜೆ, ಸಂಜೆ ಏಳಕ್ಕೆ ಫೋನ್ ಮಾಡುತ್ತಿದ್ದೆ. ಇಲ್ಲಿ ಆಗ ಎಂಟೂವರೆ.

"ರಾತ್ರಿಗೆ ಎಂತ ಅಮ್ಮ?"

"ಬಸಳೆ ಕೊದಿಲು ಮಾಡಿದ್ದೇನೆ. ಅಲಸಂಡೆ ಪಲ್ಯ ಉಂಟು. ಮಜ್ಜಿಗೆ ಉಂಟು. ನಿನಗೆಂತ?"

"ಅನ್ನ, ಸಾರು, ಬೀನ್ಸ್ ಪಲ್ಯ."

ಇಬ್ಬರಿಗೂ ಸಮಾಧಾನವಾಗುತ್ತಿತ್ತು. ಫೋನ್ ಇಡುತ್ತಿದ್ದೆವು. ಎರಡೂ ಸುಳ್ಳು ಅಂತ ನನಗೆ ಗೊತ್ತಾಗಲು ಐದು ವರ್ಷ ಬೇಕಾಯಿತು. ನನ್ನದು ಸುಳ್ಳು ಅಂತ ಮೊದಲೇ ಗೊತ್ತಿತ್ತು, ಅಮ್ಮನದ್ದು ಗೊತ್ತಿರಲಿಲ್ಲ.

2008ರ ಆಟಿ ತಿಂಗಳು, ಅಂದರೆ ತುಳುವರ ಲೆಕ್ಕದಲ್ಲಿ ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳು. ರಜೆ ಒಂದು ವಾರ ಮೊದಲೇ ಸಿಕ್ಕಿತು, ಅಮ್ಮನಿಗೆ ಹೇಳದೆ ಹೊರಟೆ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದು, ತಲಪಾಡಿ ದಾಟಿ, ಕುಂಬಳೆಯಲ್ಲಿ ತಿರುಗಿ ಮನೆ ಮುಟ್ಟುವಾಗ ರಾತ್ರಿ ಒಂಬತ್ತು. ಜಡಿಮಳೆ. ಕರೆಂಟು ಇರಲಿಲ್ಲ. ಹಿಂದಿನ ಬಾಗಿಲಿನಿಂದ ನೇರ ಅಡುಗೆಮನೆಗೆ ಹೋದೆ. ಚಿಮಿಣಿ ದೀಪದ ಎದುರು ಮಣೆ ಹಾಕಿಕೊಂಡು ಅಮ್ಮ ಕೂತಿದ್ದರು. ಬಟ್ಟಲಿನಲ್ಲಿ ಕುಚ್ಚಿಲಕ್ಕಿ ಗಂಜಿ. ಬದಿಯಲ್ಲಿ ಉಪ್ಪುನೀರಿನ ಭರಣಿಯಿಂದ ತೆಗೆದ ಒಂದು ಮಾವಿನಕಾಯಿ, ಗಾಂಧಾರಿ ಮೆಣಸು ನುರಿದು, ಮೇಲೆ ನಾಲ್ಕು ಹನಿ ತೆಂಗಿನೆಣ್ಣೆ ಬಿಟ್ಟದ್ದು. ಕೆಂಡದಲ್ಲಿ ಸುಟ್ಟ ಒಂದು ಹಲಸಿನ ಹಪ್ಪಳ. ಅಷ್ಟೇ.

ನನ್ನನ್ನು ನೋಡಿದವರು ಮೊದಲು ಮಾಡಿದ ಕೆಲಸ ಎಂತ ಗೊತ್ತಾ? ಬಟ್ಟಲಿಗೆ ಕೈ ಅಡ್ಡ ಹಿಡಿದರು.

"ಹೇಳಿ ಬರಬಾರದಾ? ಎಂತಾದರೂ ಮಾಡಿ ಇಡ್ತಿದ್ದೆ. ಇವತ್ತೊಂದು ದಿನ ಸುಮ್ನೆ ಗಂಜಿ..."

ನನಗೂ ಅದನ್ನೇ ಬಡಿಸಿ ಅಂದೆ. ಉಂಡೆ. ಐದು ವರ್ಷದಲ್ಲಿ ನಾನು ಉಂಡ ಅತ್ಯಂತ ಒಳ್ಳೆಯ ಊಟ ಅದು, ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ. ಆಮೇಲೆ ಒಂದೊಂದಾಗಿ ಎಲ್ಲ ಹೊರಗೆ ಬಂತು. ಅಪ್ಪ ಹೋದ ಮೇಲೆ ಅಮ್ಮನಿಗೆ ರಾತ್ರಿಗೆ ಹೆಚ್ಚಿನ ದಿನವೂ ಗಂಜಿಯೇ. ಒಬ್ಬರಿಗೋಸ್ಕರ ಕಾಯಿ ತುರಿದು, ಮಸಾಲೆ ಹುರಿದು, ಅರೆಯುವುದು ಯಾರಿಗೆ ಬೇಕು? ಅದೂ ಅಲ್ಲದೆ ಅವರಿಗೆ ಗಂಜಿ ಇಷ್ಟ. ಇಷ್ಟವಾದರೂ ಫೋನಿನಲ್ಲಿ ಹೇಳಲು ಆಗಲಿಲ್ಲ. ಗಂಜಿ ಅಂದರೆ ಕೇಳಿದವನು ಜ್ವರ ಬಂತಾ ಅಂತ ಗಾಬರಿಯಾಗುತ್ತಾನೆ, ಇಲ್ಲವಾದರೆ ದುಡ್ಡಿಗೆ ಕಷ್ಟವಾ ಅಂತ ಕೇಳುತ್ತಾನೆ. ಮಗ ದೂರ ಇದ್ದಾನೆ, ಸುಮ್ನೆ ಯಾಕೆ ಅಂತ ಬಸಳೆ ಕೊದಿಲು ಅಂದರು. ನಾನೂ ನನ್ನದನ್ನು ಹೇಳಿದೆ. ಶುಕ್ರವಾರ ರಾತ್ರಿ ನಮ್ಮ ರೂಮಿನಲ್ಲಿ ಇರುತ್ತಿದ್ದದ್ದು ಕುಬ್ಬೂಸ್, ಅಂದರೆ ಅಲ್ಲಿಯ ರೊಟ್ಟಿ, ಮತ್ತು ಬೇಳೆ. ಅನ್ನ ಇಲ್ಲ, ಸಾರು ಇಲ್ಲ, ಬೀನ್ಸ್ ಅಂತೂ ಇಲ್ಲವೇ ಇಲ್ಲ.

ಆ ರಾತ್ರಿಯಿಂದ ನನಗೊಂದು ಹುಚ್ಚು ಹಿಡಿಯಿತು. ಊರೂರಿನ ಪ್ರಸಿದ್ಧ ತಿಂಡಿಗಳ ಬಗ್ಗೆ ಎಲ್ಲರೂ ಹೇಳುತ್ತಾರೆ, ಬರೆಯುತ್ತಾರೆ, ವಿಡಿಯೋ ಮಾಡುತ್ತಾರೆ. ನೆಂಟರಿಲ್ಲದ, ಹಬ್ಬವಿಲ್ಲದ ರಾತ್ರಿ ಮನೆಯವರು ಉಣ್ಣುವುದನ್ನು ಯಾರೂ ಹೇಳುವುದಿಲ್ಲ. ಒಂದು ಊರಿನ ನಿಜವಾದ ಊಟ ಅದೇ ಅಂತ ನನಗೆ ಅನಿಸಿತು. ಈಗಲೂ ಹಾಗೆಯೇ ಅನಿಸುತ್ತದೆ.

ರಜೆ ಮುಗಿಸಿ ವಾಪಸ್ ಹೋದವನು ರೂಮಿನಲ್ಲಿ ಕೇಳಲು ಶುರುಮಾಡಿದೆ. ನಾವು ಆರು ಜನ. ದಿನಕ್ಕೊಬ್ಬರ ಸರದಿಯಲ್ಲಿ ಅಡುಗೆ. ನಮ್ಮ ಮನೆಯಲ್ಲಿ ಮೀನು-ಮಾಂಸ ಇಲ್ಲ, ಅದಕ್ಕೆ ನನಗಾಗಿ ಒಂದು ಸಣ್ಣ ಪಾತ್ರೆ ಬೇರೆ ಇಟ್ಟಿದ್ದರು. ಹನ್ನೊಂದು ವರ್ಷದಲ್ಲಿ ಆ ಪಾತ್ರೆಯಲ್ಲಿ ಯಾರೂ ಬೇರೆ ಎಂತದೂ ಬೇಯಿಸಲಿಲ್ಲ. ಇದನ್ನು ನಾನು ಮರೆಯುವ ಹಾಗಿಲ್ಲ.

ಮೊದಲು ಕೇಳಿದಾಗ ಎಲ್ಲರೂ ಹಬ್ಬದ ಅಡುಗೆಯನ್ನೇ ಹೇಳಿದರು. ನಮ್ಮ ಕಾಸರಗೋಡು ಕಡೆಯ ಹೊಸದುರ್ಗದ ಇಕ್ಕ (ಮಲಯಾಳದ ಮುಸ್ಲಿಮರು ಅಣ್ಣನಿಗೆ ಹಾಗೆ ಅನ್ನುವುದು) ಬಿರಿಯಾನಿ ಅಂದರು, ಬಾಂಗ್ಲಾದೇಶದ ಬಾರಿಸಾಲಿನ ಹುಡುಗ ಇಲಿಶ್ ಮೀನು ಅಂದ, ಶ್ರೀಲಂಕಾದ ಕುರುನೆಗಲದಿಂದ ಬಂದವರು ಕಿರಿಬತ್ ಅಂದರು, ಅಂದರೆ ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನ. ನಾನು ಬಿಡಲಿಲ್ಲ. "ಅದು ವಿಶೇಷದ್ದು. ಜೋರು ಮಳೆ ಬರುವ ಒಂದು ಮಂಗಳವಾರ. ನೆಂಟರಿಲ್ಲ. ನಿಮ್ಮ ಅಮ್ಮ ಒಬ್ಬರೇ ಇದ್ದಾರೆ. ರಾತ್ರಿಗೆ ಎಂತ?"

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಇಕ್ಕನೇ ಮೊದಲು ಬಾಯಿಬಿಟ್ಟರು. ಕಞ್ಞಿ, ಬೇಯಿಸಿದ ಹೆಸರುಕಾಳು, ಒಣಮೀನು ಸುಟ್ಟು ಮಾಡಿದ ಚಟ್ನಿ. ಇಷ್ಟೇ ಮಗನೇ ಅಂದರು. ರಂಜಾನ್ ತಿಂಗಳಲ್ಲಾದರೆ ರಾತ್ರಿ ಜೀರಿಗೆ ಗಂಜಿ. ಹೇಳುವಾಗ ಅವರ ಮುಖ ನೋಡಬೇಕಿತ್ತು, ಬಿರಿಯಾನಿ ಹೇಳುವಾಗ ಹಾಗಿರಲಿಲ್ಲ.

ಜೀರಿಗೆ ಗಂಜಿಯ ಮಾತು ಬಂತಲ್ಲ, ನಾನು ಎಷ್ಟೋ ಸಮಯದ ಮೇಲೆ ಓದಿದ ಒಂದು ವಿಷಯ ಇಲ್ಲೇ ಹೇಳಬೇಕು. ಗಾರ್ಸಿಯಾ ದ ಒರ್ಟಾ ಅಂತ ಒಬ್ಬ ಪೋರ್ಚುಗೀಸ್ ವೈದ್ಯ ಗೋವಾದಲ್ಲಿದ್ದ. 1563ರಲ್ಲಿ ಅವನ ಪುಸ್ತಕ ಅಲ್ಲೇ ಅಚ್ಚಾಯಿತು. ಅದರಲ್ಲಿ, ರೋಗಿಗೆ ಕಾಳುಮೆಣಸು ಮತ್ತು ಜೀರಿಗೆ ಹಾಕಿದ ಅಕ್ಕಿಯ ತಿಳಿ ಕುಡಿಸುತ್ತಾರೆ, ಅದಕ್ಕೆ ಇಲ್ಲಿಯವರು 'ಕಾಂಜೆ' ಅನ್ನುತ್ತಾರೆ ಅಂತ ಬರೆದಿದ್ದಾನೆ. ನಮ್ಮ ದಕ್ಷಿಣದ ಆ ಮಾತು ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋಗಿ 'ಕಾಂಜಿ' ಆಯಿತು. ಇವತ್ತು ಹಾಂಕಾಂಗಿನ ಹೋಟೆಲಿನಲ್ಲಿ ಚೀನೀ ಗಂಜಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದರೂ ಇದೇ ಮಾತು. ಅಮ್ಮ ಬಟ್ಟಲಿಗೆ ಕೈ ಅಡ್ಡ ಹಿಡಿದು ಮುಚ್ಚಿಟ್ಟ ಊಟದ ಹೆಸರು ಅರ್ಧ ಪ್ರಪಂಚ ಸುತ್ತಿ ಬಂದಿದೆ. ಅದೇ ಮೆಣಸು-ಜೀರಿಗೆ ನಮ್ಮಲ್ಲಿ ಜ್ವರ ಬಂದವರಿಗೆ ಈಗಲೂ ಹಾಕಿ ಕೊಡುತ್ತಾರೆ.

ಬಾರಿಸಾಲಿನ ಹುಡುಗ ಪಾಂತಾ ಭಾತ್ ಅಂದ. ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿ ಇಟ್ಟದ್ದು. ಬೆಳಿಗ್ಗೆ ಅದು ಸ್ವಲ್ಪ ಹುಳಿ ಬಂದಿರುತ್ತದೆ, ಈರುಳ್ಳಿ, ಹಸಿಮೆಣಸು, ಸಾಸಿವೆ ಎಣ್ಣೆ ಹಾಕಿ ನುರಿದ ಆಲೂಗಡ್ಡೆ ಜೊತೆ ಉಣ್ಣುವುದು. ಬೆಳಿಗ್ಗೆ ಹೊಲಕ್ಕೆ ಹೋಗುವವರಿಗೆ ಅಂತ ರಾತ್ರಿ ಅಕ್ಕಿ ಹಾಕುವಾಗಲೇ ಎರಡು ಹಿಡಿ ಜಾಸ್ತಿ ಹಾಕುತ್ತಿದ್ದರಂತೆ. ನಮ್ಮ ತಂಗಳನ್ನ ಅಲ್ವಾ ಇದು? ನನ್ನ ಅಜ್ಜಿಯೂ ಹಾಗೆಯೇ ಜಾಸ್ತಿ ಹಾಕುತ್ತಿದ್ದರು. ನಾನು ಊರಿಗೆ ಬಂದ ಎಷ್ಟೋ ವರ್ಷದ ಮೇಲೆ, 2021ರಲ್ಲಿ, ಆ ಹುಡುಗ ನನಗೊಂದು ವಿಡಿಯೋ ಕಳುಹಿಸಿದ. ಆಸ್ಟ್ರೇಲಿಯಾದ ಮಾಸ್ಟರ್‌ಶೆಫ್ ಸ್ಪರ್ಧೆಯ ಫೈನಲಿನಲ್ಲಿ ಕಿಶ್ವರ್ ಚೌಧುರಿ ಅನ್ನುವವರು ಇದೇ ಪಾಂತಾವನ್ನು ಮಾಡಿ ತೀರ್ಪುಗಾರರ ಎದುರು ಇಟ್ಟಿದ್ದರು. ಅವರಿಗೆ ಮೂರನೆಯ ಸ್ಥಾನ ಬಂತು. ಹುಡುಗ ಜೊತೆಗೆ ಒಂದೇ ಸಾಲು ಬರೆದಿದ್ದ: "ಅಣ್ಣಾ, ನೀವು ಅವತ್ತು ಕೇಳಿದ್ದು ಇದನ್ನೇ." ನಾನು ಆ ವಿಡಿಯೋವನ್ನು ಎಷ್ಟು ಸಲ ನೋಡಿದೆನೋ.

ಕುರುನೆಗಲದವರನ್ನು ನಾವು ಅಯ್ಯ ಅಂತ ಕರೆಯುತ್ತಿದ್ದೆವು, ಸಿಂಹಳದಲ್ಲಿ ಅಣ್ಣನಿಗೆ ಹಾಗೆಯೇ ಅನ್ನುವುದು. ಅವರ ಜೊತೆ ಮಾತಾಡಿದರೆ ಸಮುದ್ರದ ಆಚೆ ಇನ್ನೊಂದು ನೀರ್ಚಾಲು ಇದ್ದ ಹಾಗೆ ಆಗುತ್ತಿತ್ತು. ಅವರಿಗೆ ಬೇಳೆ ಅಂದರೆ ಪರಿಪ್ಪು, ನಮ್ಮ ಇಕ್ಕನ ಮಲಯಾಳದಲ್ಲೂ ಪರಿಪ್ಪು. ಬೆಳಿಗ್ಗೆ ಅವರ ಅಮ್ಮ ಕೊಲ ಕೆಂದ ಮಾಡುತ್ತಿದ್ದರಂತೆ, ಸೊಪ್ಪಿನ ರಸ ಹಾಕಿದ ಗಂಜಿ. ಯಾವ ಸೊಪ್ಪು ಅಂತ ಕೇಳಿದೆ. ಗೊಟುಕೊಲ ಅಂದರು. ಫೋಟೋ ತೋರಿಸಿದರೆ ನಮ್ಮ ಒಂದೆಲಗ! ತೋಟದ ಕಣಿ ಬದಿಯಲ್ಲಿ ಹಬ್ಬಿಕೊಂಡಿರುವ, ಅಮ್ಮ ಹತ್ತು ಎಲೆ ಕಿತ್ತು ತಂದು ತಂಬುಳಿ ಮಾಡುವ ಒಂದೆಲಗ.

ಹಲಸಿನ ವಿಷಯ ಬಂದರೆ ಅಯ್ಯ ನಿಲ್ಲಿಸುತ್ತಿರಲಿಲ್ಲ. ಎಳೆ ಹಲಸು ಅವರಿಗೆ ಪೊಲೊಸ್, ನಮಗೆ ಗುಜ್ಜೆ. ಹಲಸಿನ ಮರಕ್ಕೆ ಅವರು ಬತ್ ಗಸ ಅಂತಲೂ ಅನ್ನುತ್ತಾರೆ, ಅನ್ನದ ಮರ ಅಂತ. ಅಕ್ಕಿ ಇಲ್ಲದ ದಿನ ಕಾಯಿ ಸೊಳೆ ಬೇಯಿಸಿ, ಮೇಲೆ ಕಾಯಿತುರಿ ಹಾಕಿ ಉಂಡರೆ ಊಟ ಆಯಿತು. ಆರ್ಥರ್ ಡಯಾಸ್ ಅಂತ ಅಲ್ಲಿನ ಸ್ವಾತಂತ್ರ್ಯ ಹೋರಾಟಗಾರರೊಬ್ಬರು ಊರೂರಿಗೆ ಹಲಸಿನ ಸಸಿ ನೆಡಿಸುವ ಚಳವಳಿಯನ್ನೇ ಮಾಡಿದ್ದರು. ಜನ ಅವರಿಗೆ ಪ್ರೀತಿಯಿಂದ 'ಕೋಸ್ ಮಾಮಾ' ಅಂತ ಹೆಸರಿಟ್ಟರು. ಕೋಸ್ ಅಂದರೆ ಹಲಸು. ಮಾಮಾ ಅಂದರೆ ನಮ್ಮಲ್ಲಿ ಏನೋ ಅಲ್ಲಿಯೂ ಅದೇ. ಒಣಗಿಸಿಟ್ಟ ಹಲಸಿನ ಸೊಳೆಗೆ ಅವರು ಅಟುಕೋಸ್ ಅನ್ನುತ್ತಾರೆ. ನನಗೆ ನಮ್ಮ ಅಟ್ಟ, ಅಟ್ಟದ ಮೇಲಿನ ಭರಣಿಗಳು ನೆನಪಾಗಿ ಆ ರಾತ್ರಿ ನಿದ್ದೆಯೇ ಬರಲಿಲ್ಲ.

ಭರಣಿಯಲ್ಲಿ ಇರುತ್ತಿದ್ದದ್ದು ಉಪ್ಪು ಸೊಳೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಏಪ್ರಿಲ್ ಕೊನೆಗೆ, ಮೇ ತಿಂಗಳಲ್ಲಿ, ಬೆಳೆದು ಇನ್ನೂ ಹಣ್ಣಾಗದ ಹಲಸಿನಕಾಯಿಗಳನ್ನು ಇಳಿಸಬೇಕು. ಅಂಗಳದಲ್ಲಿ ಗೋಣಿ ಹಾಸಿ, ಮೆಟ್ಟುಕತ್ತಿ ಇಟ್ಟುಕೊಂಡು ಎಲ್ಲರೂ ಕೂರುವುದು. ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳದಿದ್ದರೆ ಮೇಣ ಎರಡು ದಿನ ಬಿಡುವುದಿಲ್ಲ. ಒಬ್ಬರು ಕಡಿ ಮಾಡಿ ಗೂಂಜು ತೆಗೆದರೆ ಇನ್ನೊಬ್ಬರು ಸೊಳೆ ಬಿಡಿಸಬೇಕು, ಮಕ್ಕಳು ಬೇಳೆ, ಅಂದರೆ ಹಲಸಿನ ಬೀಜ, ಬೇರೆ ಮಾಡಬೇಕು, ಸಿಪ್ಪೆ ದನಕ್ಕೆ. ಸೊಳೆಯನ್ನು ಭರಣಿಯಲ್ಲಿ ಒಂದು ಪದರ, ಉಪ್ಪು ಒಂದು ಪದರ, ಹಾಗೆ ತುಂಬುತ್ತ ಬಂದು ಮೇಲೆ ಭಾರ ಇಡುವುದು. ಉಪ್ಪು ತಾನೇ ನೀರು ಬಿಟ್ಟುಕೊಳ್ಳುತ್ತದೆ. ಆಮೇಲೆ ಆಟಿಯಲ್ಲಿ, ಕಾಲು ಹೊರಗಿಡಲು ಆಗದ ಮಳೆಯಲ್ಲಿ, ತರಕಾರಿ ಎಂತದೂ ಇಲ್ಲದಾಗ, ಒಂದು ಹಿಡಿ ತೆಗೆದು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ ಪಲ್ಯ ಮಾಡಬಹುದು. ಅಕ್ಕಿ ಜೊತೆ ಅರೆದು ರೊಟ್ಟಿ ತಟ್ಟಬಹುದು. ಸಣ್ಣ ಉಂಡೆ ಮಾಡಿ ಎಣ್ಣೆಯಲ್ಲಿ ಹೊರಿದರೆ ಉಂಡ್ಲಕಾಳು. ಬೇಳೆಯೂ ಹಾಳಾಗುತ್ತಿರಲಿಲ್ಲ. ಉಪ್ಪು ಹಾಕಿ ಬೇಯಿಸಿ ಒಣಗಿಸಿದರೆ ಸಾಂತಾಣಿ, ಕಿಸೆಯಲ್ಲಿ ತುಂಬಿಕೊಂಡು ಶಾಲೆಗೆ ಹೋಗುವುದು.

ಕೊರಿಯಾದವರು ಚಳಿಗಾಲಕ್ಕೆ ಮೊದಲು ಹೀಗೆಯೇ ನೆರೆಕರೆಯವರೆಲ್ಲ ಸೇರಿ ರಾಶಿ ರಾಶಿ ಕ್ಯಾಬೇಜಿಗೆ ಉಪ್ಪು, ಮೆಣಸು ಹಚ್ಚಿ ಕಿಮ್ಚಿ ಹಾಕುತ್ತಾರೆ. ಆ ಕೂಡಿ ಮಾಡುವ ಕೆಲಸಕ್ಕೆ ಕಿಮ್ಜಾಂಗ್ ಅಂತ ಹೆಸರು. 2013ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದು ಕಿಮ್ಚಿಯ ರುಚಿಯಲ್ಲ, ಒಟ್ಟಿಗೆ ಕೂತು ಮಾಡಿ ಹಂಚಿಕೊಳ್ಳುವ ಆ ರೂಢಿ. ಓದಿದಾಗ ನನಗೆ ತುಂಬ ಸಂತೋಷವಾಯಿತು, ಜೊತೆಗೆ ಹೊಟ್ಟೆಯಲ್ಲಿ ಒಂದು ಸಂಕಟ. ನಮ್ಮ ಅಂಗಳದ ಗೋಣಿಗಳನ್ನು ಯಾರು ಬರೆದಿಟ್ಟರು?

ಇನ್ನೊಂದು ಮರ ಉಂಟು ಹೇಳಲಿಕ್ಕೆ. ನಮ್ಮ ಹಟ್ಟಿಯ ಹಿಂದೆ ಒಂದು ಜೀಗುಜ್ಜೆ ಮರ. ದೀವಿ ಹಲಸು ಅಂತಲೂ ಹೇಳುತ್ತಾರೆ, ದೀವಿ ಅಂದರೆ ದ್ವೀಪ. ಮಲಯಾಳದಲ್ಲಿ ಕಡಚ್ಚಕ್ಕ, ಅಂದರೆ ಕಡಲ ಹಲಸು. ಹೆಸರೇ ಹೇಳುತ್ತದೆ, ಇದು ನೀರಿನ ಮೇಲಿಂದ ಬಂದದ್ದು. ಇದರ ಊರು ಪೆಸಿಫಿಕ್ ಸಾಗರದ ದ್ವೀಪಗಳು. ಬೀಜ ಇಲ್ಲ, ಬೇರಿನಿಂದ ಎದ್ದ ಸಸಿಯನ್ನು ಮನುಷ್ಯರೇ ದೋಣಿಯಲ್ಲಿ ಹಾಕಿಕೊಂಡು ಹೋಗಿ ನೆಡಬೇಕು. ಕ್ಯಾಪ್ಟನ್ ಬ್ಲೈ ಅನ್ನುವವನು ಬೌಂಟಿ ಹಡಗಿನಲ್ಲಿ ತಾಹಿತಿಯಿಂದ ಇದರ ಸಾವಿರಕ್ಕೂ ಜಾಸ್ತಿ ಸಸಿ ತುಂಬಿಕೊಂಡು ಹೊರಟಿದ್ದ. 1789ರಲ್ಲಿ ನಾವಿಕರು ದಂಗೆಯೆದ್ದು ಸಸಿಗಳನ್ನೆಲ್ಲ ಸಮುದ್ರಕ್ಕೆ ಎಸೆದರು. ಅವನು ಮತ್ತೆ ಹೋಗಿ 1793ರಲ್ಲಿ ಜಮೈಕಾಕ್ಕೆ ಮುಟ್ಟಿಸಿದ. ಯಾಕೆ? ಕಬ್ಬಿನ ತೋಟದಲ್ಲಿ ದುಡಿಯುವ ಗುಲಾಮರಿಗೆ ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬಿಸಲು. ಮೊದಮೊದಲು ಅವರು ಅದನ್ನು ಮುಟ್ಟಲಿಲ್ಲ. ಇವತ್ತು ಅವರ ಮರಿಮಕ್ಕಳು ಜಮೈಕಾದಲ್ಲಿ ಅದನ್ನು ಇಡಿಯಾಗಿ ಬೆಂಕಿಯಲ್ಲಿ ಸುಟ್ಟು, ಸಿಪ್ಪೆ ತೆಗೆದು, ಮನೆಯ ಊಟ ಅಂತ ಪ್ರೀತಿಯಿಂದ ತಿನ್ನುತ್ತಾರೆ. ಬಲವಂತದಲ್ಲಿ ಬಂದ ಕಾಯಿಯನ್ನೂ ಯಾರೋ ಅಮ್ಮಂದಿರು ರಾತ್ರಿ ಒಲೆಯ ಎದುರು ಕೂತು ತಮ್ಮದು ಮಾಡಿಕೊಂಡಿರಬೇಕು. ಅಂಥ ಅಮ್ಮಂದಿರ ಹೆಸರು ಎಲ್ಲೂ ಸಿಗುವುದಿಲ್ಲ.

ಜೀಗುಜ್ಜೆಯ ಮೂಲದ ದ್ವೀಪಗಳಲ್ಲಿ ಅದನ್ನು ಎಲೆ ಹಾಸಿದ ಗುಂಡಿಯಲ್ಲಿ ಹಾಕಿ ಮುಚ್ಚಿ ಹುಳಿ ಬರಿಸಿ ಇಡುತ್ತಿದ್ದರು. ಸಮೋವಾದಲ್ಲಿ ಅದಕ್ಕೆ ಮಾಸಿ ಅಂತ ಹೆಸರು. ಬಿರುಗಾಳಿ ಬಂದು ಮರಗಳೆಲ್ಲ ಬಿದ್ದ ವರ್ಷ ಆ ಗುಂಡಿ ತೆಗೆದು ಊರು ಬದುಕುತ್ತಿತ್ತು. ಅವರಿಗೆ ಬಿರುಗಾಳಿ, ಕೊರಿಯಾಕ್ಕೆ ಹಿಮ, ನಮಗೆ ಆಟಿಯ ಮಳೆ. ಹೊರಗೆ ಹೋಗಲು ಆಗದ ಕಾಲ ಎಲ್ಲ ಕಡೆಯೂ ಉಂಟು. ರಾತ್ರಿಯ ಊಟಗಳು ಇಷ್ಟು ದೂರದಲ್ಲಿದ್ದೂ ಅಕ್ಕತಂಗಿಯರ ಹಾಗೆ ಕಾಣುವುದು ಅದಕ್ಕೇ ಇರಬೇಕು.

ಅಕ್ಕತಂಗಿ ಅಂದಾಗ ನಮ್ಮ ಬೇಲಿಯ ಆಚೆ ಈಚೆಯದ್ದನ್ನು ಹೇಳದೆ ಹೇಗೆ? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಆಫೀಸಿನ ಅರ್ಜಿ ಎಲ್ಲ ನಿಧಾನಕ್ಕೆ ಮಲಯಾಳವಾದವು. ಕನ್ನಡದಲ್ಲಿ ಓದಿದವರಿಗೆ ಅದರ ನೋವು ಇನ್ನೂ ಇದೆ, ನನಗೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಏಳು ಭಾಷೆಯ ಊರು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ: ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು. ನಮ್ಮ ಬೇಲಿಯ ಮೇಲಿಂದ ಪತ್ರೊಡೆ ಹೋಗುತ್ತದೆ, ಆಚೆಯಿಂದ ಅಕ್ಕಿರೊಟ್ಟಿಯಂಥ ಪತ್ತಿರಿ ಬರುತ್ತದೆ. ಗಂಜಿ ಮಾತ್ರ ಯಾವತ್ತೂ ಬೇಲಿ ದಾಟಿಲ್ಲ. ಕೊಂಕಣಿ ಮನೆಯಲ್ಲಿ ಅದು ಪೇಜ, ಇಕ್ಕನ ಮನೆಯಲ್ಲಿ ಕಞ್ಞಿ, ನಮ್ಮಲ್ಲಿ, ತುಳುವರಲ್ಲಿ ಗಂಜಿ. ಎಲ್ಲ ಮನೆಯಲ್ಲೂ ರಾತ್ರಿ ಎಂಟಕ್ಕೆ ಅದೇ ಕುಚ್ಚಿಲಕ್ಕಿ ಬೇಯುತ್ತಿರುತ್ತದೆ, ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ಹಾಗೆ. ಸಣ್ಣವನಿದ್ದಾಗ ಹಲಸಿನ ಎಲೆ ಮಡಚಿ, ಕಡ್ಡಿ ಚುಚ್ಚಿ, ಅದರಲ್ಲಿ ಗಂಜಿ ಕೋರಿ ಕುಡಿಯುತ್ತಿದ್ದೆವು. ಆ ಎಲೆಯ ಚಮಚ ನಮ್ಮ ಮನೆಯದ್ದು ಮಾತ್ರ ಅಂತ ನಾನು ತಿಳಿದಿದ್ದೆ. ಶಾರ್ಜಾದಲ್ಲಿ ಇಕ್ಕ ಖಾಲಿ ಕಾಗದವನ್ನು ಹಾಗೆಯೇ ಮಡಚಿ ತೋರಿಸಿದಾಗ ಗೊತ್ತಾಯಿತು, ಹಾಗಲ್ಲ ಅಂತ.

ಈಗ ನಾನು ಊರಿನಲ್ಲೇ ಇದ್ದೇನೆ. ತೋಟ ನೋಡಿಕೊಳ್ಳುತ್ತೇನೆ, ರಾತ್ರಿಯ ಅಡುಗೆ ನನ್ನದು. ಅಮ್ಮನಿಗೆ ಎಂಬತ್ತು ದಾಟಿತು. ಉಪ್ಪು ಸೊಳೆ ಪ್ರತಿ ವರ್ಷ ಒಂದು ಭರಣಿ ಹಾಕುತ್ತೇವೆ. ಅಂಗಳದಲ್ಲಿ ಕೂರುವವರು ನಾವಿಬ್ಬರೇ, ಮೊದಲಿನ ಹನ್ನೆರಡು ಜನ ಇಲ್ಲ. ಸುತ್ತಿನ ಹಲವು ಮನೆಗಳಲ್ಲಿ ಭರಣಿ ಇದೆ, ಒಳಗೆ ಅಕ್ಕಿಯೋ ಹಳೆಯ ಪೇಪರೋ ಇರುತ್ತದೆ. 2018ರಲ್ಲಿ ಕೇರಳ ಸರ್ಕಾರ ಹಲಸನ್ನು ರಾಜ್ಯದ ಹಣ್ಣು ಅಂತ ಘೋಷಿಸಿತು, ಹಲಸಿನ ಮೇಳಗಳು ಆಗುತ್ತವೆ, ಮೇಳದಲ್ಲಿ ಹಲಸಿನ ಐಸ್‌ಕ್ರೀಮೂ ಸಿಗುತ್ತದೆ. ಎಲ್ಲ ಒಳ್ಳೆಯದೇ. ಆದರೂ ಮೇಳಕ್ಕೆ ಹೋದಾಗ ನನ್ನ ಕಣ್ಣು ಹುಡುಕುವುದು ಉಪ್ಪು ಸೊಳೆಯನ್ನು. ಸಿಕ್ಕಿದರೆ ಮಾರುವ ಅಕ್ಕನ ಹತ್ತಿರ ನಿಂತು, ಇದನ್ನು ನೀವು ಮನೆಯಲ್ಲಿ ರಾತ್ರಿಗೆ ಹೇಗೆ ಮಾಡುತ್ತೀರಿ ಅಂತ ಕೇಳುತ್ತೇನೆ. ಅವರು ಮೊದಲು ಸಂಕೋಚಪಟ್ಟು, ಆಮೇಲೆ ಹೇಳುತ್ತಾರೆ.

ಅಕ್ಕನ ಮಗಳು ಜರ್ಮನಿಯ ಲೈಪ್ಜಿಗ್‌ನಲ್ಲಿ ಓದುತ್ತಿದ್ದಾಳೆ. ಈ ಆಟಿಯಲ್ಲಿ ಒಂದು ರಾತ್ರಿ ವಿಡಿಯೋ ಕಾಲ್ ಮಾಡಿದಳು. ಇಲ್ಲಿ ಒಂಬತ್ತು, ಅಲ್ಲಿ ಐದೂವರೆ, ಹೊರಗೆ ಇನ್ನೂ ಬಿಸಿಲು. ಅಮ್ಮ ಊಟಕ್ಕೆ ಕೂತಿದ್ದರು.

"ರಾತ್ರಿಗೆ ಎಂತ ಮಗಾ?"

"ಅನ್ನ, ಸಾರು ಮಾಡಿದ್ದೇನೆ ಅಜ್ಜಿ. ಪಲ್ಯ ಉಂಟು."

ಆ ಸ್ವರ ನನಗೆ ಗುರುತು ಸಿಕ್ಕಿತು. ಅಮ್ಮನಿಗೂ ಸಿಕ್ಕಿರಬೇಕು.

"ತೋರಿಸು, ನೋಡುವ."

ಅವಳು ಸ್ವಲ್ಪ ತಡೆದು ಫೋನ್ ತಿರುಗಿಸಿದಳು. ಒಂದು ಮರದ ಹಲಗೆ. ಅದರ ಮೇಲೆ ಕಪ್ಪು ಬಣ್ಣದ ಬ್ರೆಡ್ಡಿನ ಎರಡು ಹೋಳು, ಒಂದು ತುಂಡು ಚೀಸ್, ಮೂಲಂಗಿ, ಬಾಟಲಿಯಿಂದ ತೆಗೆದ ಸಣ್ಣ ಸೌತೆಕಾಯಿ.

"ಬಿಸಿ ಎಂತದೂ ಇಲ್ವಾ?" ಅಮ್ಮ ಕೇಳಿದರು.

ಇಲ್ಲಿ ಹಾಗೆಯೇ ಅಜ್ಜಿ ಅಂದಳು ಅವಳು. ಬಿಸಿ ಊಟ ಮಧ್ಯಾಹ್ನ ಮಾಡುತ್ತಾರೆ, ರಾತ್ರಿಗೆ ಬ್ರೆಡ್ಡು, ಹೆಸರೇ ಆಬೆಂಡ್‌ಬ್ರೋಟ್, ಸಂಜೆಯ ಬ್ರೆಡ್ಡು ಅಂತ. ಪಕ್ಕದ ಮನೆಯ ಅಜ್ಜಿಯೂ ಇದನ್ನೇ ತಿನ್ನುವುದು. ನನಗೂ ಈಗ ಅಭ್ಯಾಸ ಆಗಿದೆ, ಇಷ್ಟವೂ ಆಗಿದೆ, ನಿಮಗೆ ಬೇಜಾರಾಗುತ್ತದೆ ಅಂತ ಹೇಳಿರಲಿಲ್ಲ.

ಅಮ್ಮ ಕನ್ನಡಕ ಸರಿಮಾಡಿಕೊಂಡು ಸ್ಕ್ರೀನಿನ ಹತ್ತಿರ ಬಂದರು.

"ಆ ಸೌತೆ ಉಪ್ಪಿನಲ್ಲಿ ಹಾಕಿದ್ದಾ?"

"ಹೌದು ಅಜ್ಜಿ. ಉಪ್ಪುನೀರಿನಲ್ಲಿ."

"ಎಷ್ಟು ಸಮಯ ಇರ್ತದೆ?"

"ಚಳಿಗಾ‌ಲ ಮುಗಿಯುವ ತನಕ ಇರ್ತದಂತೆ."

ಅಮ್ಮ ತಲೆ ಆಡಿಸಿದರು. ಆಮೇಲೆ ತನ್ನ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಚೆಲ್ಲದ ಹಾಗೆ ಸ್ವಲ್ಪ ವಾಲಿಸಿ, ಫೋನಿನ ಎದುರು ಹಿಡಿದರು.

"ಇಲ್ಲಿ ಗಂಜಿ," ಅಂದರು. "ಉಪ್ಪು ಸೊಳೆ ಪಲ್ಯ. ಮತ್ತೆಂತ ಇಲ್ಲ."